ಕೊಚ್ಚಿಯಲ್ಲಿ ಒಂದು ದಿನ: ಮಟ್ಟಾಂಚೇರಿಯೋ, ಹಿಲ್ ಪ್ಯಾಲೆಸೋ, ಫೋಕ್‌ಲೋರ್ ಮ್ಯೂಸಿಯಮ್ಮೋ?

ಕೊಚ್ಚಿಗೆ ಹೋಗುವವರು ಹೆಚ್ಚಾಗಿ ಚೀನೀ ಬಲೆಗಳ ಮುಂದೆ ಫೋಟೋ ತೆಗೆಸಿಕೊಂಡು, ಮರುದಿನ ಆಲಪ್ಪುಳದ ಹೌಸ್‌ಬೋಟ್ ಹತ್ತುತ್ತಾರೆ. ಊರು ನೋಡಲು ಉಳಿಯುವುದು ಒಂದು ದಿನ, ಕೆಲವರಿಗೆ ಅರ್ಧ ದಿನ. ಆಗ ಮೂರು ಹೆಸರು ಕಿವಿಗೆ ಬೀಳುತ್ತವೆ: ಮಟ್ಟಾಂಚೇರಿ ಅರಮನೆ, ತ್ರಿಪ್ಪೂಣಿತ್ತುರದ ಹಿಲ್ ಪ್ಯಾಲೆಸ್, ತೇವರದ ಕೇರಳ ಫೋಕ್‌ಲೋರ್ ಮ್ಯೂಸಿಯಂ. ಮೂರನ್ನೂ ನೋಡಿದ್ದೇನೆ. ನನ್ನ ಓಟು ಮಟ್ಟಾಂಚೇರಿಗೆ. ಹಾಗಂತ ಎಲ್ಲರನ್ನೂ ಅಲ್ಲಿಗೇ ಕಳಿಸುವುದಿಲ್ಲ.

ಮಟ್ಟಾಂಚೇರಿಯನ್ನು ಹೊರಗಿನಿಂದ ನೋಡಿದರೆ "ಇದೇನಾ ಅರಮನೆ?" ಅನ್ನಿಸುತ್ತದೆ. ಬಿಳಿ ಗೋಡೆ, ಹಂಚಿನ ಮಾಡು, ನಡುವೆ ಅಂಗಳ, ಅಂಗಳದಲ್ಲಿ ಪಳಯನ್ನೂರು ಭಗವತಿಯ ಗುಡಿ. ದಕ್ಷಿಣ ಕನ್ನಡದ ಗುತ್ತಿನ ಮನೆಗಳನ್ನು ಕಂಡವರಿಗೆ ಬೆರಗೇನೂ ಆಗುವುದಿಲ್ಲ. 16ನೇ ಶತಮಾನದ ನಡುಭಾಗದಲ್ಲಿ ಪೋರ್ಚುಗೀಸರು ಇದನ್ನು ಕಟ್ಟಿಸಿ ಕೊಚ್ಚಿಯ ರಾಜನಿಗೆ ಕಾಣಿಕೆ ಕೊಟ್ಟರು. 1663ರಲ್ಲಿ ಡಚ್ಚರು ಊರು ಹಿಡಿದರು, ಆಮೇಲೆ ರಿಪೇರಿ ಮಾಡಿಸಿದರು. ಕಟ್ಟಿದವರ ಹೆಸರು ಹೋಯಿತು, ರಿಪೇರಿ ಮಾಡಿದವರ ಹೆಸರು ನಿಂತಿತು! ಆಟೋದವರಿಗೆ ಇವತ್ತಿಗೂ ಡಚ್ ಪ್ಯಾಲೆಸ್ ಅಂದರೆ ಸಾಕು.

ಒಳಗೆ ಹೋದ ಮೇಲೆ ಪಲ್ಲಕ್ಕಿ, ಕತ್ತಿ, ಅರಸರ ಭಾವಚಿತ್ರ ಎಲ್ಲ ಇವೆ. ಅಲ್ಲಿ ಜಾಸ್ತಿ ಹೊತ್ತು ಕಳೆಯಬೇಡಿ. ನೇರ ರಾಜನ ಮಲಗುವ ಕೋಣೆಗೆ ಹೋಗಿ. ಸುಮಾರು 300 ಚದರ ಅಡಿ ಗೋಡೆಯ ಮೇಲೆ ರಾಮಾಯಣ ಇದೆ. ದಶರಥನ ಪುತ್ರಕಾಮೇಷ್ಟಿಯಿಂದ ಹಿಡಿದು ಸೀತೆ ಮರಳಿ ಬರುವವರೆಗೆ. ಬಿಡಿಸಿದವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲವೇನೋ. ಒಬ್ಬರ ಭುಜಕ್ಕೆ ಇನ್ನೊಬ್ಬರು ತಾಗಿಕೊಂಡು, ಒಂದು ಪ್ರಸಂಗ ಮುಗಿಯುವ ಮೊದಲೇ ಮುಂದಿನದು ಶುರುವಾಗಿರುತ್ತದೆ. ಬಣ್ಣವೂ ಕೆಲವೇ: ಕಾವಿಯ ಕೆಂಪು, ಹಳದಿ, ಹಸಿರು, ಕಪ್ಪು. ಮೊದಲು ಎಲ್ಲ ಕಲಸಿಕೊಂಡ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತು ನಿಂತರೆ ಕಿರೀಟ, ಕೈಯ ಭಂಗಿ, ಅಗಲ ಕಣ್ಣು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಯಕ್ಷಗಾನದ ವೇಷ ನೋಡಿ ಬೆಳೆದವರಿಗೆ ಯಾರು ಯಾರು ಅಂತ ಗುರುತು ಹಿಡಿಯುವುದು ಕಷ್ಟವಲ್ಲ.

ಕೆಳಗಿನ ಕೋಣೆಗಳ ಚಿತ್ರಗಳು ನಂತರದ ಕಾಲದವು, ತುಂಟತನ ಜಾಸ್ತಿ. ಮೋಹಿನಿಗೆ ಮರುಳಾದ ಶಿವ, ಪಕ್ಕದಲ್ಲಿ ಸಿಟ್ಟಾದ ಪಾರ್ವತಿ. ಗೋಪಿಯರ ನಡುವೆ ಮಲಗಿದ ಕೃಷ್ಣನಿಗೆ ಕೈ ಸಾಲದೆ ಕಾಲನ್ನೂ ಬಳಸಬೇಕಾಗಿದೆ. ಚಿಕ್ಕ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ರೆಡಿ ಇಟ್ಟುಕೊಳ್ಳಿ. ನೆಲವನ್ನೂ ಮರೆಯಬೇಡಿ. ಕರಿ ಅಮೃತಶಿಲೆ ಅನ್ನಿಸುತ್ತದೆ, ಅಲ್ಲ. ಸುಟ್ಟ ತೆಂಗಿನ ಗೆರಟೆ, ಇದ್ದಿಲು, ಸುಣ್ಣ, ಸೊಪ್ಪಿನ ರಸ, ಮೊಟ್ಟೆಯ ಬಿಳಿ ಸೇರಿಸಿ ತಿಕ್ಕಿ ತಿಕ್ಕಿ ಹೊಳಪು ಬರಿಸಿದ ಗಾರೆ.

ಇನ್ನು ಹಿಲ್ ಪ್ಯಾಲೆಸ್. ಗಾತ್ರದಲ್ಲಿ ಮಟ್ಟಾಂಚೇರಿ ಇದರ ಮುಂದೆ ಏನೂ ಅಲ್ಲ. 1865ರಲ್ಲಿ ಶುರುವಾದ ಅರಮನೆ, 54 ಎಕರೆ ಜಾಗ, 49 ಕಟ್ಟಡಗಳು. ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ತೋಟ. ನಾಗವಲ್ಲಿಯ ಕಥೆ ಕನ್ನಡಕ್ಕೆ ಬರುವ ಮೊದಲು ಮಲಯಾಳದಲ್ಲಿ ಸಿನಿಮಾ ಆಗಿತ್ತಲ್ಲ, ಅದರ ಒಂದಷ್ಟು ಭಾಗ ತೆಗೆದದ್ದು ಇಲ್ಲೇ. ಈ ವಿಷಯ ತಿಳಿದ ಮೇಲೆ ನಮ್ಮವರ ಆಸಕ್ತಿ ಎಲ್ಲಿಗೆ ಏರುತ್ತದೆ ನೋಡಿ! ಒಳಗೆ ನೋಡಲೇಬೇಕಾದದ್ದು ಚಿನ್ನದ ಕಿರೀಟ. ಪೋರ್ಚುಗಲ್ಲಿನ ರಾಜನ ಕಾಣಿಕೆ ಎನ್ನುತ್ತಾರೆ. ಕೊಚ್ಚಿಯ ಅರಸರು ಅದನ್ನು ತಲೆಗೆ ಇಡುತ್ತಿರಲಿಲ್ಲವಂತೆ, ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಕಲ್ಲಿಕೋಟೆಯ ಅರಸ ಸಾಮೂದಿರಿಗೆ ಸೋತು ಕಳೆದುಕೊಂಡ ನೆಲ ಮರಳಿ ಸಿಗುವವರೆಗೆ ಕಿರೀಟ ಧರಿಸುವುದಿಲ್ಲ ಅನ್ನುವ ಹಠ ಅದರ ಹಿಂದಿನ ಕಥೆ.

ಕಿರೀಟ ಬಿಟ್ಟರೆ ಉಳಿದದ್ದು ಶಿಲ್ಪ, ನಾಣ್ಯ, ಆಯುಧ, ಕುದುರೆಗಾಡಿ. ಒಳ್ಳೆಯ ವಸ್ತುಗಳೇ. ಆದರೆ ಎಲ್ಲಿಂದಲೋ ತಂದು ಗಾಜಿನೊಳಗೆ ಇಟ್ಟದ್ದನ್ನು ಎಷ್ಟು ನೋಡುವುದು? ಮಟ್ಟಾಂಚೇರಿಯ ಚಿತ್ರ ಬಿಡಿಸಿದ ಗೋಡೆಯಲ್ಲೇ ಇದೆ. ರಾಜ ಯಾವ ಕಡೆ ಮಲಗಿ ಯಾವ ಪ್ರಸಂಗ ನೋಡುತ್ತಿದ್ದ ಅಂತ ಊಹಿಸಬಹುದು. ನನಗೆ ಎರಡರ ನಡುವಿನ ವ್ಯತ್ಯಾಸ ಅಷ್ಟೇ. ಇಷ್ಟಾಗಿಯೂ, ಅಜ್ಜ ಅಜ್ಜಿ, ಓಡಾಡುವ ಮಕ್ಕಳು ಜೊತೆಗಿದ್ದರೆ ಹಿಲ್ ಪ್ಯಾಲೆಸ್ಸೇ ಸುಖ. ದೊಡ್ಡವರು ಮರದ ಕೆಳಗೆ ಕೂರಬಹುದು, ಮಕ್ಕಳು ತೋಟದಲ್ಲಿ ಓಡಾಡಬಹುದು. 2024ರಿಂದ ಮೆಟ್ರೋ ತ್ರಿಪ್ಪೂಣಿತ್ತುರ ಟರ್ಮಿನಲ್‌ವರೆಗೆ ಬರುವುದರಿಂದ ಎರ್ನಾಕುಳಂನ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳಬೇಕಿಲ್ಲ.

ಮೂರನೆಯದು, ಫೋಕ್‌ಲೋರ್ ಮ್ಯೂಸಿಯಂ, ಖಾಸಗಿಯವರದು. ಟಿಕೆಟ್ ಉಳಿದೆರಡಕ್ಕಿಂತ ದುಬಾರಿ. ಕಟ್ಟಡವೇ ಒಂದು ಪ್ರದರ್ಶನ: ಮೂರು ಮಹಡಿ, ಒಂದು ಮಲಬಾರ್ ಶೈಲಿ, ಒಂದು ಕೊಚ್ಚಿ, ಒಂದು ತಿರುವಾಂಕೂರು. ಕಳಚಿದ ಹಳೆ ಕಟ್ಟಡಗಳ ಮರಮಟ್ಟು ತಂದು ಜೋಡಿಸಿದ್ದಾರೆ. ವಸ್ತುಗಳು ಎಷ್ಟೆಂದರೆ ಕಣ್ಣಿಗೆ ಬಿಡುವಿಲ್ಲ. ನಾನು ಸ್ವಲ್ಪ ಖಾಲಿ ಜಾಗ ಬಯಸುವವನು, ಬೇಗ ದಣಿದೆ. ಆದರೆ ಉತ್ತರ ಕೇರಳದ ದೈವಾರಾಧನೆಯಾದ ತೆಯ್ಯಂನ ವೇಷಭೂಷಣದ ಮುಂದೆ ದಣಿವು ಮರೆಯಿತು. ತುಳುನಾಡಿನವರು ಇಲ್ಲಿ ಸುಮ್ನೆ ದಾಟಿ ಹೋಗಲಾರರು. ಮುಡಿ, ಮುಖವರ್ಣಿಕೆ, ತೆಂಗಿನ ಗರಿ, ಎಲ್ಲದಕ್ಕೂ ನಮ್ಮ ಭೂತಕೋಲದಲ್ಲಿ ಒಂದು ಜೋಡಿ ಇದೆ. ಮರದ ಕೆಲಸ, ಮುಖವಾಡ, ನಾಟಕ ಇಷ್ಟಪಡುವವರು ನನ್ನ ಮಾತು ಬಿಟ್ಟು ಮೊದಲು ಇಲ್ಲಿಗೇ ಹೋಗಲಿ.

ಮಟ್ಟಾಂಚೇರಿಗೆ ಹೆಚ್ಚು ಅಂಕ ಕೊಡಲು ಇನ್ನೊಂದು ಕಾರಣ ಅದರ ಅಕ್ಕಪಕ್ಕ. ಕೆಲವೇ ಹೆಜ್ಜೆಗೆ ಯಹೂದಿಗಳ ಪ್ರಾರ್ಥನಾ ಮಂದಿರ, 1568ರ ಪರದೇಶಿ ಸಿನಗಾಗ್. ಬೆಲ್ಜಿಯಂ ದೀಪಗುಚ್ಛಗಳನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ನೋಡಬೇಕಾದದ್ದು ನೆಲ. 18ನೇ ಶತಮಾನದಲ್ಲಿ ಚೀನಾದಿಂದ ಬಂದ ನೀಲಿ-ಬಿಳಿ ಹಾಸು, ಕೈಯಲ್ಲೇ ಬಿಡಿಸಿದ್ದರಿಂದ ಒಂದರಂತೆ ಇನ್ನೊಂದು ಪೂರ್ತಿ ಇಲ್ಲ. ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚಿಗೆ ಇದಕ್ಕಿಂತ ಹೆಸರು ಜಾಸ್ತಿ, ವಾಸ್ಕೊ ಡ ಗಾಮನನ್ನು 1524ರಲ್ಲಿ ಹೂತದ್ದು ಅಲ್ಲಿ. ಅವಶೇಷಗಳನ್ನು 1539ರಲ್ಲಿ ಪೋರ್ಚುಗಲ್ಲಿಗೆ ಒಯ್ದರು. ಈಗಿರುವುದು ಕಂಬಿಬೇಲಿಯೊಳಗಿನ ಜಾಗ ಮಾತ್ರ. ಎರಡು ನಿಮಿಷ ಸಾಕು.

ಅರಮನೆಯಿಂದ ಚೆರಳಾಯಿ ಕಡೆಗೂ ಹೋಗಬಹುದು. ಅಂಗಡಿಗಳಲ್ಲಿ ಕೊಂಕಣಿ ಕೇಳಿಸುತ್ತದೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರ ಮನೆತನಗಳು, ತಿರುಮಲ ದೇವಸ್ವಂ ದೇವಸ್ಥಾನ ಇವರದೇ. ಡಚ್ ಗವರ್ನರ್ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟ ಮಾಡಿಸಿದಾಗ ನೆರವಾದವರಲ್ಲಿ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರಿದ್ದರು. ಮಂಗಳೂರು, ಉಡುಪಿ ಕಡೆಯ ಕೊಂಕಣಿಗರಿಗೆ ಈ ಓಣಿಗಳಲ್ಲಿ ಮಾತಿಗೆ ಯಾರಾದರೂ ಸಿಕ್ಕೇ ಸಿಗುತ್ತಾರೆ.

ವಾರ ನೋಡಿಕೊಂಡು ಹೊರಡಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಸಿನಗಾಗಿಗೆ ಶನಿವಾರ, ಹಿಲ್ ಪ್ಯಾಲೆಸ್ಸಿಗೆ ಸೋಮವಾರ. ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ಸು ಹತ್ತುವವರು ಶನಿವಾರ ಹಿಲ್ ಪ್ಯಾಲೆಸ್ ಇಲ್ಲವೇ ತೇವರ ಮುಗಿಸಿ, ಭಾನುವಾರವನ್ನು ಪೂರ್ತಿ ಮಟ್ಟಾಂಚೇರಿಗೆ ಬಿಟ್ಟರೆ ಯಾವುದೂ ತಪ್ಪುವುದಿಲ್ಲ. ಆ ದಿನ ಬೆಳಿಗ್ಗೆ ಚರ್ಚಿನಲ್ಲಿ ಪ್ರಾರ್ಥನೆ ಇರುತ್ತದೆ, ಅದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ವಾಟರ್ ಮೆಟ್ರೋ ಇದೆ, ಏಸಿ, ಚೊಕ್ಕಟ. ಸರ್ಕಾರಿ ಹಳೆ ಬೋಟು ಅದಕ್ಕಿಂತ ಅಗ್ಗ, ಮುಖಕ್ಕೆ ಗಾಳಿಯೂ ಹೊಡೆಯುತ್ತದೆ. ನಾನು ಬೋಟಿನ ಕಡೆ.