ಪೊರಕೆ ಸದ್ದಿನ ನಡುವೆಯೂ ಮಾತು ಹಿಡಿಯುವ ಝೂಮ್ ಎಫ್2

ಬೆಂಗಳೂರಿನ ಪೌರಕಾರ್ಮಿಕರ ಬಗ್ಗೆ ಸ್ವಂತ ದುಡ್ಡಿನಲ್ಲಿ ಒಂದು ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಕ್ಯಾಮೆರಾ ಹಿಡಿಯುವವಳೂ ನಾನೇ, ಸೌಂಡ್ ನೋಡಿಕೊಳ್ಳುವವಳೂ ನಾನೇ. ಇಂಥ ಒಂಟಿ ಕೆಲಸಕ್ಕೆ ಝೂಮ್ ಕಂಪನಿಯ ಎಫ್2 ರೆಕಾರ್ಡರ್ ಚೆನ್ನಾಗಿ ಒಗ್ಗಿದೆ.

ಇದು ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟಿದೆ. ಜೊತೆಗೆ ಕಾಲರ್ ಮೈಕ್ ಬರುತ್ತದೆ. ಅದರ ಪಿನ್ ತಿರುಗಿಸಿ ಬಿಗಿಯುವಂಥದ್ದು, ಬಗ್ಗಿ ಎದ್ದು ಮಾಡುವಾಗ ಕಳಚುವುದಿಲ್ಲ. ಎರಡು ಟ್ರಿಪಲ್ ಎ ಸೆಲ್, ಒಂದು ಮೈಕ್ರೊ ಎಸ್‌ಡಿ ಕಾರ್ಡ್ ಹಾಕಿದರೆ ಆಯ್ತು. ಸ್ಕ್ರೀನ್ ಇಲ್ಲ. ಲೆವೆಲ್, ಅಂದರೆ ಸದ್ದು ಎಷ್ಟು ಜೋರಾಗಿ ರೆಕಾರ್ಡ್ ಆಗಬೇಕು ಅನ್ನುವುದನ್ನು ಹೊಂದಿಸುವ ಗುಂಡಿಯೂ ಇಲ್ಲ.

ಆ ಗುಂಡಿ ಇಲ್ಲದಿರುವುದೇ ಇದರ ದೊಡ್ಡ ಗುಣ. ಬೆಳಿಗ್ಗೆ ಮಸ್ಟರಿಂಗ್ ಸೆಂಟರ್‌ನಲ್ಲಿ ಹಾಜರಿ ಮುಗಿಸಿ, ಈ ಮೈಕ್ ಹಾಕಿಕೊಂಡ ಪೌರಕಾರ್ಮಿಕ ಅಕ್ಕ ಗುಡಿಸಲು ಶುರು ಮಾಡುತ್ತಾರೆ. ಕಡ್ಡಿ ಪೊರಕೆ ಸದ್ದಿನ ನಡುವೆ, ಮಗಳ ಕಾಲೇಜು ಫೀಸಿನ ಚಿಂತೆಯನ್ನು ಪಕ್ಕದವರ ಹತ್ತಿರ ಮೆಲ್ಲಗೆ ಹೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ಬಿಎಂಟಿಸಿ ಬಸ್ಸು ಹಾರ್ನ್ ಹೊಡೆಯುತ್ತದೆ. ಹಿಂದೆಯೇ ಕಸದ ಆಟೊ ಮೈಕು ಹಾಕಿಕೊಂಡು ಬರುತ್ತದೆ. ಮಾಮೂಲಿ ರೆಕಾರ್ಡರ್‌ನಲ್ಲಿ ಮೆಲು ಮಾತಿಗೆ ಲೆವೆಲ್ ಇಟ್ಟರೆ ಹಾರ್ನ್ ಒಡೆದುಹೋಗುತ್ತದೆ, ಹಾರ್ನಿಗೆ ಇಟ್ಟರೆ ಮಾತು ಕೇಳುವುದಿಲ್ಲ. ಎಫ್2 ರೆಕಾರ್ಡ್ ಮಾಡುವುದು 32-ಬಿಟ್ ಫ್ಲೋಟ್‌ನಲ್ಲಿ, ಅಂದರೆ ತೀರಾ ಮೆಲ್ಲಗಿನ ಸದ್ದನ್ನೂ ತೀರಾ ಜೋರಿನ ಸದ್ದನ್ನೂ ಒಟ್ಟಿಗೇ ಹಿಡಿದಿಡುವ ಫೈಲ್ ರೀತಿಯಲ್ಲಿ. ಎರಡೂ ಉಳಿಯುತ್ತವೆ, ಆಮೇಲೆ ಎಡಿಟಿಂಗ್‌ನಲ್ಲಿ ಏರಿಸಿ ಇಳಿಸಿಕೊಳ್ಳಬಹುದು. ಕಂಪ್ಯೂಟರಿಗೆ ಹಾಕಿದಾಗ ಜೋರು ಜಾಗಗಳ ತುದಿ ಕತ್ತರಿಸಿದ ಹಾಗೆ ಕಂಡರೆ ಹೆದರಬೇಡಿ. ಲೆವೆಲ್ ಇಳಿಸಿ ನೋಡಿ, ಸದ್ದು ಇಡಿಯಾಗಿ ಸಿಗುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 690 ಎಂಬಿ ಆಗುತ್ತದೆ, 32 ಜಿಬಿ ಕಾರ್ಡು ಧಾರಾಳ.

ಇದು ವೈರ್‌ಲೆಸ್ ಅಲ್ಲ. ಅಕ್ಕ ಬೀದಿಯ ಆ ತುದಿಯಲ್ಲಿ ಮಾತಾಡುವುದು ಈ ತುದಿಯಲ್ಲಿರುವ ನನ್ನ ಕಿವಿಗೆ ಬೀಳುವುದಿಲ್ಲ. ಇದನ್ನು ಎಷ್ಟೋ ಜನ ಕೊರತೆ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ನಾನು ದೂರ ನಿಲ್ಲಬಹುದು, ಅವರು ತಮ್ಮ ಪಾಡಿಗೆ ಕೆಲಸ ಮಾಡಬಹುದು. ಮೈಕ್ ಮುಖಕ್ಕೆ ಹಿಡಿದರೆ ಎಂಥವರೂ ಭಾಷಣದ ದನಿಗೆ ಹೋಗಿಬಿಡುತ್ತಾರೆ, ಅಲ್ವಾ?

ಆದರೆ ಸ್ವಲ್ಪ ಹೊತ್ತಿಗೆ ಜೇಬಿನಲ್ಲಿ ಯಂತ್ರ ಇರುವುದೇ ಮರೆತುಹೋಗುತ್ತದೆ. ಮೇಸ್ತ್ರಿಯ ಬೈಗುಳ, ಮನೆಯ ಜಗಳ, ಸಾಲದ ಲೆಕ್ಕ, ಎಲ್ಲವೂ ಕಾರ್ಡಿಗೆ ಸೇರುತ್ತದೆ. ಗುಂಡಿಗಳನ್ನು ಲಾಕ್ ಮಾಡುವ ಹೋಲ್ಡ್ ಹಾಕಿದರೆ ಕೈ ತಾಗಿದರೂ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಅದು ಅನುಕೂಲವೂ ಹೌದು, ಅಪಾಯವೂ ಹೌದು. ಕೆಲಸ ಹೋಗುವ ಭಯದಲ್ಲಿ ಬದುಕುವವರ ಒಂದು ಮಾತು ಹೊರಗೆ ಬಿದ್ದರೆ ಅದರ ಪೆಟ್ಟು ಬೀಳುವುದು ಅವರಿಗೆ, ನನಗಲ್ಲ. ಅದಕ್ಕೇ ಮೊದಲು ಹೋಲ್ಡ್ ತೆಗೆಯುವುದು, ನಿಲ್ಲಿಸುವುದು ಹೇಗೆ ಅಂತ ಅವರಿಗೇ ಹೇಳಿಕೊಡುತ್ತೇನೆ. ಅವರೇ ಮಾಡಿ ತೋರಿಸಿದ ಮೇಲಷ್ಟೇ ಮೈಕ್ ಸಿಗಿಸುವುದು. ಸಂಜೆ ಹೆಡ್‌ಫೋನ್ ಚುಚ್ಚಿ ಅವರ ಕೈಗೆ ಕೊಡುತ್ತೇನೆ. ಬೇಡ ಅಂದ ಭಾಗವನ್ನು ಅವರ ಎದುರೇ ಅಳಿಸುತ್ತೇನೆ. ಚಿತ್ರಕ್ಕೆ ಎಷ್ಟೇ ಒಳ್ಳೆಯ ಮಾತಾದರೂ ಸರಿ.

ಗಾಳಿಗೆ ಮಾತ್ರ ಇದರಲ್ಲಿ ಮದ್ದಿಲ್ಲ. ಮೈಕ್ ತುದಿಯಲ್ಲೇ ಸದ್ದು ಕೆಟ್ಟರೆ ಯಾವ ಫ್ಲೋಟೂ ಕಾಪಾಡುವುದಿಲ್ಲ. ಜೊತೆಗೆ ಬರುವ ಸ್ಪಂಜು ಕಸದ ಆಟೊ ಓಡುವಾಗ ಸಾಲದು, ರೋಮದ ಕವರ್ ಬೇರೆ ತಗೊಳ್ಳಿ. ಯೂನಿಫಾರ್ಮ್ ಕೋಟಿನ ಬಟ್ಟೆ ಉಜ್ಜುವುದಕ್ಕೆ ಮೆಡಿಕಲ್ ಟೇಪ್ ಸಾಕು. ಚಿತ್ರಕ್ಕೂ ಸದ್ದಿಗೂ ತಾಳೆ ಹಾಕಲು ನೆರವಾಗುವ ಸಮಯದ ಗುರುತು, ಅಂದರೆ ಟೈಮ್‌ಕೋಡ್, ಈ ಮಾಡೆಲ್‌ನಲ್ಲಿ ಇಲ್ಲ. ತಾಳೆ ಹಾಕಲು ಪ್ರತಿ ಶಾಟ್‌ಗೂ ಕ್ಯಾಮೆರಾ ಮುಂದೆ, ಈ ಮೈಕಿಗೂ ಕೇಳುವ ಹಾಗೆ ಚಪ್ಪಾಳೆ ಹೊಡೆಯಿರಿ.

ಸಭೆಯ ಸದ್ದು ಪೂರ್ತಿ ಬೇಕು ಅನ್ನುವವರಿಗೆ ಇದು ಸಾಲದು. 2022ರ ಜುಲೈನಲ್ಲಿ ಕಾಯಂ ಕೆಲಸಕ್ಕಾಗಿ ಫ್ರೀಡಂ ಪಾರ್ಕ್‌ನಲ್ಲಿ ಪೌರಕಾರ್ಮಿಕರು ಧರಣಿ ಕೂತಿದ್ದರಲ್ಲ, ಅಂಥ ಕಡೆ ಘೋಷಣೆಗೆ ಬೇರೆ ಸ್ಟೀರಿಯೊ ಮೈಕ್ ಬೇಕು, ಇದು ಬರೀ ಮೋನೊ, ಎಡ ಬಲ ಅಂತ ಸದ್ದನ್ನು ಬೇರೆ ಮಾಡುವುದಿಲ್ಲ. ಆದರೆ ಆ ಗುಂಪಿನ ನಡುವೆ ಕೂತ ಒಬ್ಬಾಕೆ ಪಕ್ಕದವಳಿಗೆ ಏನು ಹೇಳಿದಳು ಅನ್ನುವುದು ನಿಮಗೆ ಮುಖ್ಯವಾಗಿದ್ದರೆ, ಇದನ್ನೇ ತಗೊಳ್ಳಿ.