ಟ್ರ್ಯಾಕ್ ಡೇ ಫೀಸು 14,000, ನನಗೆ ಬಿದ್ದ ಬಿಲ್ 4,93,000

ಸ್ಪೋರ್ಟ್ಸ್ ಕಾರ್ ಇಟ್ಟುಕೊಂಡು, ಟ್ರ್ಯಾಕ್ ಡೇಗೆ, ಅಂದರೆ ಫೀಸು ಕೊಟ್ಟು ಸ್ವಂತ ಗಾಡಿಯನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನಕ್ಕೆ, ಒಂದು ಸಲ ಹೋಗಿ ನೋಡೋಣ ಅಂತ ಖರ್ಚಿನ ಲೆಕ್ಕ ಹಾಕುತ್ತಿರುವ ಕೋಲಾರ, ಬಂಗಾರಪೇಟೆ, ಮುಳಬಾಗಿಲು ಕಡೆಯ ಹುಡುಗರು ಇದನ್ನು ಓದಿ. ನಾನೂ ಹಾಗೇ ಲೆಕ್ಕ ಹಾಕಿದ್ದೆ. ಫೀಸು, ಪೆಟ್ರೋಲ್, ಲಾಡ್ಜ್, ಊಟ. ಮೂವತ್ತು ಸಾವಿರದೊಳಗೆ ಮುಗಿಯುತ್ತೆ ಅಂದುಕೊಂಡಿದ್ದೆ. ಎರಡನೇ ಸಲ ಹೋಗಿ ಬಂದ ಮೇಲೆ ಬಿದ್ದ ಬಿಲ್‌ಗಳನ್ನೆಲ್ಲ ಕೂಡಿಸಿದರೆ 4,93,000 ರೂಪಾಯಿ. ಇನ್ಶೂರೆನ್ಸ್‌ನಿಂದ ಬಂದದ್ದು ಸೊನ್ನೆ.

ಗಾಡಿ ಹೇಗೆ ಬಂತು ಅನ್ನುವುದು ನಮ್ಮ ಊರಿಗೆಲ್ಲ ಗೊತ್ತು. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆ.ಜಿ. ಟೊಮೇಟೊ ಬಾಕ್ಸ್ ಎರಡು ಸಾವಿರ ದಾಟಿತ್ತಲ್ಲ, ಆ ತಿಂಗಳೇ ನಮ್ಮ ಬೆಳೆ ಕೈಗೆ ಬಂದಿತ್ತು. ಸಾಲ ತೀರಿತು, ಅಕ್ಕನ ಮದುವೆ ಆಯಿತು. ಮಿಕ್ಕಿದ್ದಕ್ಕೆ ನನ್ನ ಸಂಬಳದ ಮೇಲೆ ಲೋನ್ ಸೇರಿಸಿ ಎರಡು ಸೀಟಿನ ಒಂದು ಜರ್ಮನ್ ಗಾಡಿ ತಗೊಂಡೆ. ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ, ಗಾಡಿಯದು ಏನೂ ತಪ್ಪಿಲ್ಲ. ಅಪ್ಪ ಆವತ್ತಿನಿಂದ ಅದರ ಪ್ರತಿ ಖರ್ಚನ್ನೂ ಬಾಕ್ಸ್ ಲೆಕ್ಕದಲ್ಲೇ ಕೇಳುತ್ತಾರೆ. "ಈ ಸರ್ವೀಸ್ ಎಷ್ಟು ಬಾಕ್ಸ್ ಆಯ್ತಪ್ಪಾ?"

ನಮ್ಮ ಕಡೆಯವರು ಟ್ರ್ಯಾಕ್ ಡೇ ಅಂದರೆ ಹೋಗುವುದು ಒಂದೋ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೆ, ಇಲ್ಲಾ ಶ್ರೀಪೆರಂಬದೂರು ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ. ಕೋಲಾರದವರಿಗೆ ಎರಡನೆಯದೇ ಹತ್ತಿರ. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ, ಕಾಂಚೀಪುರ ದಾಟಿದರೆ ಟ್ರ್ಯಾಕ್. 1990ರಲ್ಲಿ ಶುರುವಾದದ್ದು, ಒಂದು ಸುತ್ತು 3.7 ಕಿ.ಮೀ. ಟ್ರ್ಯಾಕ್ ಚೆನ್ನಾಗಿದೆ. ಮುಂದೆ ಹೇಳುವ ಯಾವುದಕ್ಕೂ ಅದು ಕಾರಣ ಅಲ್ಲ.

ಮೊದಲ ಸಲ ಹೋದಾಗ ಎಲ್ಲ ಸಲೀಸು. ಇಪ್ಪತ್ತು ನಿಮಿಷದ ನಾಲ್ಕು ಸೆಷನ್. ಫೀಸು 14,000. ಟ್ರ್ಯಾಕ್ ಮೇಲೆ ನನ್ನ ಗಾಡಿ ಲೀಟರ್‌ಗೆ ಮೂರೂವರೆ ಕಿ.ಮೀ. ಕೊಟ್ಟಿತು. ಅಂದರೆ ಒಂದು ಸುತ್ತಿಗೆ ಒಂದು ಲೀಟರ್‌ಗಿಂತ ಜಾಸ್ತಿ. ಪ್ರತಿ ಸಲ ಗೆರೆ ದಾಟಿದಾಗಲೂ ನೂರು ರೂಪಾಯಿ ಹೋಯಿತು ಅಂತಲೇ ಲೆಕ್ಕ. ಹೋಗಿ ಬರುವ ದಾರಿಯೂ ಸೇರಿ ಪೆಟ್ರೋಲ್‌ಗೆ ಎಂಟು ಸಾವಿರದ ಚಿಲ್ಲರೆ, ಹೆಲ್ಮೆಟ್ ಒಂಬತ್ತೂವರೆ, ಲಾಡ್ಜ್ ಎರಡೂವರೆ. ಹೆಲ್ಮೆಟ್ ಒಂದೇ ಸಲದ ಖರ್ಚು ತಾನೇ ಅಂತ ಸಮಾಧಾನ ಮಾಡಿಕೊಂಡು, ನಗುತ್ತಾ ಮನೆಗೆ ಬಂದೆ.

ನಗು ಒಂದು ವಾರ ಇತ್ತು. ಗಾಡಿ ತೊಳೆಯುವಾಗ ಮುಂದಿನ ಟೈರ್ ಮೇಲೆ ಕೈ ಆಡಿಸಿದೆ. ನಡುವೆ ಹೊಸದರ ಹಾಗೇ ಇದೆ. ಹೊರಗಿನ ಅಂಚು ಮಾತ್ರ ಮಕ್ಕಳು ರಬ್ಬರ್‌ನಲ್ಲಿ ಅಳಿಸಿದಾಗ ಸುರುಳಿ ಸುರುಳಿಯಾಗಿ ಬರುತ್ತಲ್ಲ, ಹಾಗೆ ಎದ್ದುಬಿಟ್ಟಿತ್ತು. ತಿರುವಿನಲ್ಲಿ ಗಾಡಿಯ ಭಾರವೆಲ್ಲ ಬಿದ್ದದ್ದು ಆ ಅಂಚಿನ ಮೇಲೆ. ಟೈರಿನ ಗಾಳಿಯ ವಿಷಯವೂ ಆಮೇಲೆ ಗೊತ್ತಾಯಿತು. ಬೆಳಿಗ್ಗೆ ತಣ್ಣಗಿದ್ದಾಗ 34 ಪಿಎಸ್‌ಐ ಇದ್ದ ಗಾಳಿ, ನಾಲ್ಕೈದು ಸುತ್ತಿಗೆ ಬಿಸಿಯಾಗಿ 43ಕ್ಕೆ ಏರಿತ್ತು. ಪ್ರತಿ ಸೆಷನ್ ಮುಗಿದ ಮೇಲೂ ಅಳೆದು ಗಾಳಿ ಬಿಡಬೇಕು, ಮನೆಗೆ ಹೊರಡುವ ಮುಂಚೆ ಮತ್ತೆ ತುಂಬಿಸಬೇಕು. ನನ್ನ ಹತ್ತಿರ ಮುನ್ನೂರು ರೂಪಾಯಿಯ ಗೇಜೂ ಇರಲಿಲ್ಲ. ಈ ಗಾಡಿಯ ನಾಲ್ಕು ಟೈರಿಗೆ 98,000. ಆ ಮೊತ್ತವನ್ನು ಮೇಲಿನ ಬಿಲ್‌ನಲ್ಲಿ ಸೇರಿಸಿಲ್ಲ, ಅಪ್ಪನಿಗೂ ಇನ್ನೂ ಹೇಳಿಲ್ಲ.

ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಸವೆದಿತ್ತು. ರೋಡಿನಲ್ಲಿ ಎರಡು ವರ್ಷ ಬರಬೇಕಾದ್ದು ಎಂಬತ್ತು ನಿಮಿಷದಲ್ಲಿ ಖಾಲಿ. ಎರಡನೇ ಸಲ ಹೋಗುವ ಮುಂಚೆ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಮುಂದಿನ ಪ್ಯಾಡ್ ಹಾಕಿಸಿದೆ, 31,000. ನಾನು ಎಡವಿದ್ದು ಇಲ್ಲೇ. "ಬ್ರೇಕ್ ಆಯಿಲ್ ಬದಲಾಯಿಸಬೇಕಾ?" ಅಂತ ಕೇಳಿದೆ. ಅವರು ಡಬ್ಬಿ ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ನೋಡಿ, "ಕಲರ್ ಚೆನ್ನಾಗೇ ಇದೆ ಸರ್, ಸುಮ್ನೆ ಯಾಕೆ ದುಡ್ಡು" ಅಂದರು. ದುಡ್ಡು ಉಳಿಯುತ್ತೆ ಅಂದರೆ ನಾನು ಬೇಡ ಅನ್ನುತ್ತೇನಾ? ಮೂರೂವರೆ ಸಾವಿರ ಉಳಿಸಿದೆ.

ಬಣ್ಣ ನೋಡಿ ಏನೂ ಗೊತ್ತಾಗುವುದಿಲ್ಲ. ಬ್ರೇಕ್ ಆಯಿಲ್ ಉಪ್ಪಿನ ಹಾಗೆ, ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತಾ ಇರುತ್ತದೆ. ಡಾಟ್ 4 ಅನ್ನುವ ದರ್ಜೆಯ ಹೊಸ ಬ್ರೇಕ್ ಆಯಿಲ್ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಅದೇ ಆಯಿಲ್‌ಗೆ ನಿಯಮ ಕೇಳುವುದು ಬರೀ 155. ಕೋಲಾರದಿಂದ ಬೆಂಗಳೂರಿಗೆ ದಿನಾ ಓಡಾಡಿದರೂ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಬ್ರೇಕ್ ಅಷ್ಟು ಬಿಸಿಯಾಗುವುದೇ ಇಲ್ಲ. ಟ್ರ್ಯಾಕ್‌ನಲ್ಲಿ ಆಗುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ. ಪೆಡಲ್ ಒತ್ತಿದರೆ ಗುಳ್ಳೆ ಕುಗ್ಗುತ್ತದೆ ಅಷ್ಟೇ, ಬ್ರೇಕ್ ಹಿಡಿಯುವುದಿಲ್ಲ.

ಈ ಮಾರ್ಚ್. ಮಧ್ಯಾಹ್ನದ ಮೂರನೇ ಸೆಷನ್. ಮದ್ರಾಸಿನ ಬಿಸಿಲು ಗೊತ್ತಲ್ಲ. ಐದನೇ ಸುತ್ತಿನಲ್ಲಿ ಪೆಡಲ್ ಸ್ವಲ್ಪ ಮೆತ್ತಗಾಯಿತು, ನೆನೆಸಿದ ಬ್ರೆಡ್ ಮೇಲೆ ಕಾಲಿಟ್ಟ ಹಾಗೆ. ಆ ಕ್ಷಣಕ್ಕೆ ಟ್ರ್ಯಾಕ್ ಪಕ್ಕ ಗಾಡಿ ನಿಲ್ಲಿಸುವ ಪಿಟ್‌ಗೆ ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ. ದುಡ್ಡು ಕೊಟ್ಟಿದ್ದೀನಿ, ಇನ್ನು ಎಂಟು ನಿಮಿಷ ಇದೆ ಅಂತ ಮುಂದೆ ಹೋದೆ. ಮುಂದಿನ ಸುತ್ತಿನಲ್ಲಿ ಉದ್ದನೆಯ ನೇರ ದಾರಿ ಮುಗಿಯುವಾಗ ಕಾಲಿಟ್ಟರೆ ಪೆಡಲ್ ನೆಲ ಮುಟ್ಟಿತು. ಏನೂ ಇಲ್ಲ. ಎರಡು ಸಲ, ಮೂರು ಸಲ ಪಂಪ್ ಮಾಡಿದೆ, ಗೇರ್ ಇಳಿಸಿದೆ. ಹುಲ್ಲು ದಾಟಿ, ಮಣ್ಣು ದಾಟಿ, ಟೈರ್ ಜೋಡಿಸಿದ ಗೋಡೆಗೆ ಗಾಡಿಯ ಎಡ ಮೂತಿ ಹೋಗಿ ಕೂತಿತು. ನನಗೆ ಏನೂ ಆಗಲಿಲ್ಲ. ಕತ್ತು ಎರಡು ದಿನ ಹಿಡಿದುಕೊಂಡಿತ್ತು, ಅಷ್ಟೇ.

ತಮಾಷೆ ಏನು ಗೊತ್ತಾ? ಅರ್ಧ ಗಂಟೆ ಬಿಟ್ಟು ಒತ್ತಿದೆ. ಪೆಡಲ್ ಮತ್ತೆ ಗಟ್ಟಿ! ಆಯಿಲ್ ತಣ್ಣಗಾಗಿ ಗುಳ್ಳೆ ಹೋಗಿತ್ತು. ಪಕ್ಕದಲ್ಲಿದ್ದವರಿಗೆ ಬ್ರೇಕ್ ಹಿಡಿಯಲಿಲ್ಲ ಅಂದರೆ, "ಸರಿಯಾಗೇ ಇದೆಯಲ್ಲ ಬ್ರದರ್" ಅನ್ನುತ್ತಿದ್ದಾರೆ.

ಬೆಳಿಗ್ಗೆ ಬಾನೆಟ್ ಮೇಲೆ ಇಟ್ಟು ಒಂದು ಫಾರಂಗೆ ಸೈನ್ ಹಾಕಿಸಿಕೊಂಡಿದ್ದರು. ಏನೇ ಆದರೂ ಜವಾಬ್ದಾರಿ ನನ್ನದೇ ಅಂತ ಅದರಲ್ಲಿತ್ತು. ಓದಿರಲಿಲ್ಲ. ಓದಿದ್ದರೂ ಸೈನ್ ಹಾಕುತ್ತಿದ್ದೆ ಅನ್ನಿ.

ಮನೆಗೆ ಬಂದದ್ದು ಟೋಯಿಂಗ್ ಗಾಡಿಯ ಕ್ಯಾಬಿನ್‌ನಲ್ಲಿ ಕೂತು. ಬಾಡಿಗೆ 19,000. ಡ್ರೈವರ್ ವೆಲ್ಲೂರಿನವರು, ನಂಗಲಿ ಹತ್ತಿರ ಟೀಗೆ ನಿಲ್ಲಿಸಿದಾಗ ಹಿಂದೆ ತಿರುಗಿ ಗಾಡಿ ನೋಡಿ, "ತಂಬಿ, ಇದರ ದುಡ್ಡಲ್ಲಿ ನನ್ನ ಲಾರಿ ಎರಡು ಬರುತ್ತೆ" ಅಂದರು. ಟೀ ದುಡ್ಡು ಅವರೇ ಕೊಟ್ಟರು. ಅದು ಇವತ್ತಿಗೂ ನೆನಪಾಗುತ್ತದೆ.

ರಿಪೇರಿಗೆ ಬೆಂಗಳೂರೇ ಗತಿ. ಎಡಗಡೆ ಹೆಡ್‌ಲೈಟ್ ಒಂದಕ್ಕೇ 1,18,000. ಹೌದು, ಒಂದು ದೀಪ. ಅದು ಬಿಟ್ಟು ಬಂಪರ್, ರೇಡಿಯೇಟರ್, ಒಂದು ಚಕ್ರ, ಸಸ್ಪೆನ್ಷನ್ ಆರ್ಮ್, ಪೇಂಟ್, ಕೂಲಿ ಎಲ್ಲ ಸೇರಿ 2,55,000. ಹೊಸದಾಗಿ ಹಾಕಿದ್ದ ಪ್ಯಾಡ್ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು, ಮತ್ತೆ ಹೊಸದು. ಮುಂದಿನ ಡಿಸ್ಕ್‌ಗಳು ನೀಲಿ ತಿರುಗಿದ್ದವು. ಉಗುರು ಎಳೆದರೆ ಸಣ್ಣ ಬಿರುಕಿಗೆ ಸಿಕ್ಕಿಕೊಳ್ಳುತ್ತಿತ್ತು. ಡಿಸ್ಕ್, ಪ್ಯಾಡ್, ಆಯಿಲ್ ಸೇರಿ 1,01,000. ಆ ಬಿರುಕಿನಲ್ಲಿ ನನ್ನ ಪಾಲೂ ಇದೆ. ಸೆಷನ್ ಮುಗಿದಾಗ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ ತಣ್ಣಗೆ ಮಾಡಬೇಕು. ನಾನು ಕೊನೆಯ ಕ್ಷಣದವರೆಗೂ ಒತ್ತಿಕೊಂಡು ಬಂದು, ಪಿಟ್‌ನಲ್ಲಿ ನಿಲ್ಲಿಸಿ, ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಕೆಂಡದಂಥ ಡಿಸ್ಕನ್ನು ಪ್ಯಾಡ್ ಒಂದೇ ಜಾಗದಲ್ಲಿ ಕಚ್ಚಿ ಹಿಡಿದರೆ ಅದು ತಾನೇ ಏನು ಮಾಡೀತು? ಹ್ಯಾಂಡ್ ಬ್ರೇಕೂ ಎಳೆಯಬಾರದು, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಒಂದು ಕಲ್ಲು ಕೊಟ್ಟರೆ ಸಾಕು. ಹಳೇ ಡಿಸ್ಕ್ ಎರಡನ್ನೂ ಅಪ್ಪ ತೋಟಕ್ಕೆ ತಗೊಂಡು ಹೋಗಿದ್ದಾರೆ. ಬಾಕ್ಸ್ ಮೇಲೆ ಹೊದಿಸಿದ ಟಾರ್ಪಾಲಿನ್ ಗಾಳಿಗೆ ಹಾರದ ಹಾಗೆ ಭಾರಕ್ಕೆ ಇಟ್ಟಿದ್ದಾರೆ.

ಇನ್ನು ಇನ್ಶೂರೆನ್ಸ್. ಬಿಡಿಭಾಗ ಹಳೆಯದು ಅಂತ ಕಡಿತ ಮಾಡದೆ ಕ್ಲೇಮ್ ಕೊಡುವ ಜೀರೋ ಡೆಪ್ ಹಾಕಿಸಿದ್ದೆ, ಬಂಪರ್ ಟು ಬಂಪರ್ ಅಂತ ಏಜೆಂಟ್ ಹೇಳಿದ್ದು ಕಿವಿಯಲ್ಲಿತ್ತು. ನಿಮ್ಮ ಪಾಲಿಸಿ ಹಾಳೆ ತೆಗೆದು, ಗಾಡಿಯನ್ನು ಯಾವುದಕ್ಕೆ ಬಳಸಬಹುದು ಅಂತ ಬರೆದ ಸಾಲು ಹುಡುಕಿ. ಬಾಡಿಗೆಗೆ ಓಡಿಸುವುದು, ಸಂಘಟಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್, ಇವಕ್ಕೆಲ್ಲ ಪಾಲಿಸಿ ಇಲ್ಲ ಅಂತ ಇರುತ್ತದೆ. "ಅದು ರೇಸ್ ಅಲ್ಲ ಸರ್, ಬಹುಮಾನ ಇಲ್ಲ, ಯಾರೂ ಯಾರ ಮೇಲೂ ಗೆಲ್ಲಲ್ಲ" ಅಂತ ವಾದ ಮಾಡಿದೆ. ಇನ್ಶೂರೆನ್ಸ್ ಕಂಪನಿಯವರು ವೇಗ ಪರೀಕ್ಷೆ ಅನ್ನುವ ಪದದ ಮೇಲೆ ಬೆರಳಿಟ್ಟರು. ಜೀರೋ ಡೆಪ್ ಅನ್ನುವುದು ಮೂಲ ಪಾಲಿಸಿಯ ಬೆನ್ನ ಮೇಲೆ ಕೂತಿರುವುದು. ಕೆಳಗಿನದೇ ಇಲ್ಲ ಅಂದರೆ ಮೇಲಿನದು ಎಲ್ಲಿ ನಿಲ್ಲುತ್ತದೆ?

ಟ್ರ್ಯಾಕ್‌ನಲ್ಲೇ ಒಬ್ಬರು ಪುಕ್ಕಟೆ ಉಪಾಯ ಕೊಟ್ಟಿದ್ದರು. "ಗಾಡಿನ ಹೈವೇಗೆ ಎಳಸಿ, ನಾಯಿ ಅಡ್ಡ ಬಂತು ಅಂತ ಬರಸಿ, ಎಲ್ಲಾರೂ ಹಂಗೇ ಮಾಡೋದು." ದಯವಿಟ್ಟು ಬೇಡ. ರೇಡಿಯೇಟರ್ ತುಂಬಾ ಹುಲ್ಲು, ಬಾಗಿಲ ಮೇಲೆ ನಂಬರ್ ಸ್ಟಿಕ್ಕರ್, ಹತ್ತು ಜನರ ಫೋನಿನಲ್ಲಿ ನನ್ನ ವಿಡಿಯೋ. ಕ್ಲೇಮ್ ಹೋಗುವುದರ ಜೊತೆಗೆ ಮೋಸದ ಕೇಸೂ ತಲೆ ಮೇಲೆ ಬರುತ್ತದೆ. ಅಷ್ಟಕ್ಕೂ ನಾಯಿ ಏನು ಪಾಪ ಮಾಡಿತ್ತು?

ಕೋಲಾರಮ್ಮನ ಗುಡಿಯಲ್ಲಿ ನೆಲದಲ್ಲೇ ಕೊರೆದ ಹುಂಡಿ ನೋಡಿದ್ದೀರಲ್ಲ, ಹಾಕಿದ ಕಾಸು ಎಲ್ಲಿ ಹೋಯಿತು ಅಂತಲೇ ಕಾಣುವುದಿಲ್ಲ. ದುಬಾರಿ ಗಾಡಿಯನ್ನು ಟ್ರ್ಯಾಕಿಗೆ ಒಯ್ಯುವುದೂ ಹಾಗೇ ಅಂತ ಗೆಳೆಯರಿಗೆ ಹೇಳುತ್ತಿದ್ದೆ. ಅಮ್ಮ ಕೇಳಿಸಿಕೊಂಡು ಬೈದರು. "ಅಲ್ಲಿ ಹಾಕಿದ್ದಕ್ಕೆ ಪುಣ್ಯನಾದ್ರೂ ಬರುತ್ತೆ ಕಣೋ."

ಹೋಗಲೇಬೇಕು ಅನ್ನುವವರು ಮಾಡಬೇಕಾದ್ದು ಒಂದೇ ಲೆಕ್ಕ. ಫೀಸು ಎಷ್ಟು ಅಂತ ಕೇಳಬೇಡಿ. ನಿಮ್ಮ ಗಾಡಿಯ ಒಂದು ಜೊತೆ ಡಿಸ್ಕ್, ಪ್ಯಾಡ್, ನಾಲ್ಕು ಟೈರ್, ಒಂದು ಹೆಡ್‌ಲೈಟ್, ಇವಿಷ್ಟರ ರೇಟು ಫೋನ್ ಮಾಡಿ ಕೇಳಿ ಒಂದು ಚೀಟಿಯಲ್ಲಿ ಬರೆಯಿರಿ. ಅಷ್ಟು ದುಡ್ಡು ಹೋದರೂ ರಾತ್ರಿ ನಿದ್ದೆ ಬರುತ್ತೆ ಅಂದರೆ ಹೊರಡಿ. ಬ್ರೇಕ್ ಆಯಿಲ್ ಯಾವ ತಾರೀಖು ಹಾಕಿದ್ದು ಅಂತ ಬಿಲ್ ನೋಡಿ, ಬಾಯಿ ಮಾತು ಕೇಳಬೇಡಿ. ಬಿಲ್ ಇಲ್ಲ ಅಂದರೆ ಹಾಕಿಲ್ಲ ಅಂತಲೇ ಅರ್ಥ.

ಅಪ್ಪ ಕೂತು ಲೆಕ್ಕ ಹಾಕಿದರು. ಬಾಕ್ಸ್ 300ರಂತೆ ಸಾವಿರದ ಆರುನೂರು ಬಾಕ್ಸ್. ಗೊಬ್ಬರ, ಔಷಧಿ, ಕೂಲಿ ಕಳೆಯದೆ.

ಮುಂದಿನ ತಿಂಗಳು ಮತ್ತೆ ಹೋಗುತ್ತಿದ್ದೇನೆ, ಬೈಯಬೇಡಿ. ಮಾಲೂರಿನ ಗೆಳೆಯನ ಜೊತೆ ಸೇರಿ ಒಂದು ಹಳೇ ಹ್ಯಾಚ್‌ಬ್ಯಾಕ್ ತಗೊಂಡಿದ್ದೀವಿ, ಖರ್ಚು ಅರ್ಧ ಅರ್ಧ. ನಾಲ್ಕು ಟೈರ್ ಇಪ್ಪತ್ತು ಸಾವಿರದೊಳಗೆ ಬರುತ್ತದೆ, ಹೆಡ್‌ಲೈಟ್ ಗುಜರಿಯಲ್ಲೂ ಸಿಗುತ್ತದೆ. ಬ್ರೇಕ್ ಆಯಿಲ್ ಡಬ್ಬಿಯ ಸೀಲನ್ನು ನನ್ನ ಕಣ್ಣ ಮುಂದೆ ಒಡೆಸಿ ಹಾಕಿಸಿದ್ದೇನೆ. ಸ್ಪೋರ್ಟ್ಸ್ ಕಾರ್ ಶೆಡ್‌ನಲ್ಲಿದೆ. ಭಾನುವಾರ ಬೆಳಿಗ್ಗೆ ಮುಳಬಾಗಿಲಿಗೆ ಹೋಗಿ ದೋಸೆ ತಿಂದು, ಹಂಪ್‌ಗಳ ಮೇಲೆ ಹೊಟ್ಟೆ ತಾಗದ ಹಾಗೆ ನಿಧಾನಕ್ಕೆ ಮನೆಗೆ ಬರುತ್ತದೆ.