ಮೂರೂವರೆ ವರ್ಷ ಬಳಸಿದ ಓಬಿಡಿ ಸ್ಕ್ಯಾನರ್: ಶಿರಾಡಿ ಘಾಟಿಯಲ್ಲಿ ಎಳೆಯದ ಕಾರು ಮತ್ತು ಪಿ0299

ಈ ಬ್ಲೂಟೂತ್ ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ಬರೆದಿಡುವ ದೋಷದ ಕೋಡ್‌ಗಳನ್ನು ಫೋನ್‌ನಲ್ಲಿ ತೋರಿಸುವ ಸಾಧನ) ತಗೊಂಡು ಮೂರೂವರೆ ವರ್ಷ ಆಯಿತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕೊಟ್ಟಿದ್ದು 1,450 ರೂಪಾಯಿ. ತಗೊಂಡ ಮೂರನೇ ವಾರಕ್ಕೇ ನನಗೆ 80,000 ರೂಪಾಯಿಗೂ ಹೆಚ್ಚು ಉಳಿಸಿಕೊಟ್ಟಿತು. ಹೇಗೆ ಅಂತ ಮೊದಲು ಹೇಳುತ್ತೇನೆ.

ನಮ್ಮದು 2016ರ ಡೀಸೆಲ್ ಕಾರು. ಮನೆ ಹಾಸನದಲ್ಲಿ. ಅಮ್ಮನ ಚಿಕಿತ್ಸೆಗೆ ಅಂತ ತಿಂಗಳಿಗೆ ಎರಡು ಸಲ ಮಂಗಳೂರಿಗೆ ಹೋಗಬೇಕಿತ್ತು. ಹೋಗುವಾಗ ಇಳಿಜಾರು, ಏನೂ ಗೊತ್ತಾಗುತ್ತಿರಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ, ಲಾರಿ ಹಿಂದಿನಿಂದ ಹೊರಬಂದು ಆಕ್ಸಿಲರೇಟರ್ ಒತ್ತಿದ ಕೂಡಲೇ ಪಿಕಪ್ ಸತ್ತುಹೋಗುತ್ತಿತ್ತು. ಚೆಕ್ ಇಂಜಿನ್ ಲೈಟ್ ಹತ್ತಿಕೊಳ್ಳುತ್ತಿತ್ತು. 3,000 ಆರ್‌ಪಿಎಂ ಮೇಲೆ ಮುಳ್ಳು ಏರುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಅಮ್ಮ, ಎದುರಿಗೆ ಟ್ಯಾಂಕರ್. ಆ ಹೆದರಿಕೆ ಅನುಭವಿಸಿದವರಿಗೇ ಗೊತ್ತು. ಬದಿಗೆ ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ಇದಕ್ಕೆ ಲಿಂಪ್ ಮೋಡ್ ಅಂತಾರೆ. ಇಂಜಿನ್‌ಗೆ ಪೆಟ್ಟಾಗದಿರಲಿ ಅಂತ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಾನೇ ಶಕ್ತಿ ಕಡಿಮೆ ಮಾಡುತ್ತದೆ.

ಸರ್ವೀಸ್ ಸೆಂಟರ್‌ಗೆ ಮೂರು ಸಲ ಬಿಟ್ಟೆ. ಎರಡು ಸಲ ಕೋಡ್ ಅಳಿಸಿ, ತೊಳೆದು ಕೊಟ್ಟರು. ಮೂರನೇ ಸಲ 'ಟರ್ಬೊ ಹೋಗಿದೆ' (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ ಅದು) ಅಂತ ಹೇಳಿ 85,000ದ ಎಸ್ಟಿಮೇಟ್ ಕೈಗಿಟ್ಟರು. ಅವರಿಗೆ ಸಿಕ್ಕಿದ್ದ ಕೋಡ್ ಪಿ0299. ಟರ್ಬೊ ಒತ್ತಡ ಬೇಕಾದಷ್ಟು ಬರುತ್ತಿಲ್ಲ ಅನ್ನುವುದಷ್ಟೇ ಅದರ ಅರ್ಥ. ಯಾಕೆ ಬರುತ್ತಿಲ್ಲ ಅಂತ ಕೋಡ್ ಹೇಳುವುದಿಲ್ಲ. ಟರ್ಬೊ ಸವೆದಿರಬಹುದು. ಅದನ್ನು ಆಡಿಸುವ ವ್ಯಾಕ್ಯೂಮ್ ಪೈಪ್ ಒಡೆದಿರಬಹುದು, ಸೊಲೆನಾಯ್ಡ್ (ಕರೆಂಟಿನಿಂದ ಆಡುವ ವಾಲ್ವ್) ಕೆಟ್ಟಿರಬಹುದು, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಪೈಪ್ ಸೋರುತ್ತಿರಬಹುದು, ಸೆನ್ಸರ್ರೇ ತಪ್ಪು ಲೆಕ್ಕ ಕೊಡುತ್ತಿರಬಹುದು. ಇಷ್ಟರಲ್ಲಿ ಎಲ್ಲಕ್ಕಿಂತ ದುಬಾರಿಯದ್ದನ್ನೇ ಮೊದಲು ಬದಲಾಯಿಸಿ ಅಂದರೆ ಹೇಗೆ?

ಆಗ ತಗೊಂಡಿದ್ದೇ ಈ ಸ್ಕ್ಯಾನರ್. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತದೆ, ಅದಕ್ಕೆ ಚುಚ್ಚಿ ಫೋನ್‌ಗೆ ಪೇರ್ ಮಾಡಿದರೆ ಆಯಿತು. ಮುಂದಿನ ಸಲ ಲೈಟ್ ಬಂದಾಗ ಕೋಡ್ ಅಳಿಸಲಿಲ್ಲ. ಮೊದಲು ಫ್ರೀಜ್ ಫ್ರೇಮ್ ತೆಗೆದು ನೋಡಿದೆ. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಅಂತ ಇಸಿಯು ಬರೆದಿಟ್ಟುಕೊಂಡಿರುತ್ತದೆ. ನನ್ನದರಲ್ಲಿ 2,640 ಆರ್‌ಪಿಎಂ, ಲೋಡ್ 96 ಪರ್ಸೆಂಟ್, ವೇಗ 52. ಅಂದರೆ ಪೂರ್ತಿ ಎಳೆಯುವಾಗ ಮಾತ್ರ ತೊಂದರೆ. ಕೋಡ್ ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ಸರ್ವೀಸ್ ಸೆಂಟರ್‌ನಲ್ಲಿ ಎರಡು ಸಲ ಆಗಿದ್ದು ಅದೇ ಅಲ್ವಾ!

ಆಮೇಲೆ ಲೈವ್ ಡೇಟಾ, ಅಂದರೆ ಸೆನ್ಸರ್‌ಗಳು ಆ ಕ್ಷಣಕ್ಕೆ ಕೊಡುವ ಲೆಕ್ಕ. ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿದರೆ ಮ್ಯಾಪ್ ಸೆನ್ಸರ್ (ಇಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 101 ಕಿಲೋಪಾಸ್ಕಲ್ ಇತ್ತು, ಹಾಸನದ ಮನೆ ಮುಂದೆ 90. ಎತ್ತರಕ್ಕೆ ಸರಿಯಾಗಿ ಇಳಿದಿದೆ, ಸೆನ್ಸರ್ ಮೇಲೆ ಅನುಮಾನ ಬೇಡ ಅಂತಾಯಿತು. ಘಾಟಿಯಲ್ಲಿ ನಾನು ಓಡಿಸಿದೆ, ನನ್ನ ತಮ್ಮ ಫೋನ್ ಹಿಡಿದು ರೆಕಾರ್ಡ್ ಮಾಡಿದ. (ದಯವಿಟ್ಟು ಓಡಿಸುತ್ತಾ ಒಬ್ಬರೇ ನೋಡಲು ಹೋಗಬೇಡಿ.) ಮೂರನೇ ಗೇರ್, 2,500 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್: ಮ್ಯಾಪ್ ಸೆನ್ಸರ್‌ನಲ್ಲಿ 148 ಕಿಲೋಪಾಸ್ಕಲ್. ಪಕ್ಕದ ಮನೆಯವರದ್ದು ಅದೇ ಮಾಡೆಲ್, ಅದೇ ಇಂಜಿನ್. ಅವರನ್ನು ಕೇಳಿಕೊಂಡು ಸಕಲೇಶಪುರ ದಾರಿಯ ಒಂದು ಏರಿನಲ್ಲಿ ಅದನ್ನೂ ನೋಡಿದೆ. 213.

ನಿಜವಾದ ಸುಳಿವು ಸಿಕ್ಕಿದ್ದು ಮ್ಯಾಫ್ ಸೆನ್ಸರ್‌ನಲ್ಲಿ. ಏರ್ ಫಿಲ್ಟರ್ ದಾಟಿ ಇಂಜಿನ್ ಕಡೆ ಎಷ್ಟು ಗಾಳಿ ಹೋಗುತ್ತಿದೆ ಅಂತ ಅದು ಅಳೆಯುತ್ತದೆ. ಟರ್ಬೊ ಸತ್ತಿದ್ದರೆ ಒಳಗೆ ಹೋಗುವ ಗಾಳಿಯೂ ಕಡಿಮೆ ಇರಬೇಕು. ಆದರೆ ಎರಡೂ ಕಾರುಗಳಲ್ಲಿ ಗಾಳಿಯ ಲೆಕ್ಕ ಹೆಚ್ಚುಕಡಿಮೆ ಒಂದೇ ಇತ್ತು. ಗಾಳಿ ಒಳಗೆ ಹೋಗುತ್ತಿದೆ, ಇಂಜಿನ್ ತಲುಪುತ್ತಿಲ್ಲ. ಒತ್ತಿದಾಗ ಹಿಂದೆ ಬರುತ್ತಿದ್ದ ಕಪ್ಪು ಹೊಗೆಗೂ ಇದೇ ಕಾರಣ. ಅಳೆದ ಗಾಳಿಗೆ ತಕ್ಕಂತೆ ಡೀಸೆಲ್ ಬೀಳುತ್ತದೆ, ಅಷ್ಟು ಗಾಳಿ ಅಲ್ಲಿರುವುದಿಲ್ಲ.

ಈ ರೆಕಾರ್ಡ್ ಹಿಡಿದುಕೊಂಡು ನಮ್ಮ ಬೀದಿಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಅಣ್ಣ ಎರಡು ನಿಮಿಷ ಗ್ರಾಫ್ ನೋಡಿ, 'ಟರ್ಬೊ ಮುಟ್ಟೋದೇ ಬೇಡ, ಪೈಪ್ ನೋಡೋಣ' ಅಂದರು. ಇಂಟರ್‌ಕೂಲರ್‌ನಿಂದ ಇಂಜಿನ್‌ಗೆ ಬರುವ ರಬ್ಬರ್ ಹೋಸ್ ಮೇಲಿನಿಂದ ಹೊಸದರ ಹಾಗೇ ಇತ್ತು. ಕೆಳಗೆ ಕೈಹಾಕಿದರೆ ಎಣ್ಣೆ ಜಿಡ್ಡು, ಅದಕ್ಕೆ ಮೆತ್ತಿದ ಧೂಳು. ಬಿಚ್ಚಿ ತೆಗೆದು ಎರಡೂ ಹೆಬ್ಬೆರಳಿನಿಂದ ಅಗಲಿಸಿದರು. ಬೆರಳುದ್ದದ ಸೀಳು ಬಾಯಿ ಬಿಟ್ಟಿತು. ಕೈ ಬಿಟ್ಟರೆ ಮತ್ತೆ ಮುಚ್ಚಿಕೊಂಡಿತು. ಒಂದು ಬ್ರಾಕೆಟ್‌ಗೆ ಉಜ್ಜಿ ಉಜ್ಜಿ ಹರಿದಿತ್ತು. ಒತ್ತಡ ಏರಿದಾಗ ಮಾತ್ರ ತೆರೆಯುತ್ತಿತ್ತು. ಊರೊಳಗೆ ಓಡಿಸಿ 'ಏನೂ ಇಲ್ಲ' ಅಂದವರಿಗೆ ಅದು ಸಿಗದೇ ಇದ್ದದ್ದು ಅದಕ್ಕೇ. ಹೋಸ್ 2,350, ಎರಡು ಕ್ಲ್ಯಾಂಪ್, ಕೂಲಿ ಸೇರಿ 3,100 ಆಯಿತು. ಪಿ0299 ಇವತ್ತಿನವರೆಗೆ ಮತ್ತೆ ಬಂದಿಲ್ಲ.

ಈಗ ಸ್ಕ್ಯಾನರ್ ವಿಷಯ. ಇದಕ್ಕೂ ಮೊದಲು 350 ರೂಪಾಯಿಯದ್ದೊಂದು ತಗೊಂಡಿದ್ದೆ, ನಾಲ್ಕು ನಿಮಿಷಕ್ಕೊಮ್ಮೆ ಕನೆಕ್ಷನ್ ಕಟ್. ಇಎಲ್‌ಎಂ327 (ಇಂಥ ಸ್ಕ್ಯಾನರ್‌ಗಳಲ್ಲಿ ಬಳಸುವ ಚಿಪ್‌ನ ಹೆಸರು) ಅಂತ ಮೇಲೆ ಬರೆದಿದ್ದ ಮಾತ್ರಕ್ಕೆ ಒಳಗೆ ಅದೇ ಚಿಪ್ ಇರುತ್ತದೆ ಅಂತ ನಂಬಬೇಡಿ. ತೀರಾ ಅಗ್ಗದ್ದು ತಗೊಳ್ಳಬೇಡಿ, ವಾಪಸ್ ತಗೊಳ್ಳುವ ಕಡೆಯೇ ಕೊಳ್ಳಿ. ನನ್ನದು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಐಫೋನ್ ಇರುವವರು ಬ್ಲೂಟೂತ್ ಎಲ್‌ಇ ಅಥವಾ ವೈಫೈ ಮಾದರಿಯನ್ನು ಕೇಳಿ ತಗೊಳ್ಳಬೇಕು, ಹಳೇ ಬ್ಲೂಟೂತ್‌ನದ್ದು ಅದಕ್ಕೆ ಹೊಂದುವುದಿಲ್ಲ.

ಕೊರತೆಗಳೂ ಇವೆ. ನನ್ನ ಕಾರಿನಲ್ಲಿ ಇದು ಓದುವುದು ಇಂಜಿನ್ ಮಾತ್ರ. ಎಬಿಎಸ್, ಏರ್‌ಬ್ಯಾಗ್ ಲೈಟ್ ಬಂದರೆ ದೊಡ್ಡ ಸ್ಕ್ಯಾನರ್ ಇರುವಲ್ಲಿಗೇ ಹೋಗಬೇಕು. ಕಾರು ಆಫ್ ಇದ್ದರೂ ಆ ಸಾಕೆಟ್‌ಗೆ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರುತ್ತದೆ. ಕಳೆದ ವರ್ಷ ಚುಚ್ಚಿಯೇ ಬಿಟ್ಟು ಹದಿನೈದು ದಿನ ಊರಿಗೆ ಹೋಗಿದ್ದೆ, ಬಂದು ನೋಡಿದರೆ ಬ್ಯಾಟರಿ ಖಾಲಿ. ಕೆಲಸ ಮುಗಿದ ಮೇಲೆ ಕಿತ್ತಿಡಿ. 2013ಕ್ಕಿಂತ ಹಳೇ ಕಾರಾದರೆ ಕೊಳ್ಳುವ ಮೊದಲು ನಿಮ್ಮ ಮಾಡೆಲ್‌ಗೆ ಆಗುತ್ತದಾ ಅಂತ ವಿಚಾರಿಸಿ. ನಮ್ಮಲ್ಲಿ ಓಬಿಡಿ-2 (ಈ ಸ್ಕ್ಯಾನರ್ ಓದುವ ವ್ಯವಸ್ಥೆ) ಕಡ್ಡಾಯ ಆಗಿದ್ದು ಆ ವರ್ಷದ ಏಪ್ರಿಲ್‌ನಿಂದ.

ಇನ್ನೊಂದು ಮಾತು. ಕಾರು ಚೆನ್ನಾಗಿರುವಾಗಲೇ ನಿಮಗೆ ಗೊತ್ತಿರುವ ಒಂದು ಏರಿನಲ್ಲಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ರೆಕಾರ್ಡ್ ಮಾಡಿಟ್ಟುಕೊಳ್ಳಿ. ನನಗೆ ಆಗ ಪಕ್ಕದ ಮನೆಯ ಕಾರು ಸಿಕ್ಕಿತು, ಎಲ್ಲರಿಗೂ ಸಿಗುವುದಿಲ್ಲ. ಹೋಸ್ ಹಾಕಿಸಿದ ಮಾರನೇ ವಾರ ಅಮ್ಮನನ್ನು ಕರೆದುಕೊಂಡು ಬರುವಾಗ ತಮ್ಮ ಅದೇ ಘಾಟಿಯಲ್ಲಿ ಮತ್ತೆ ರೆಕಾರ್ಡ್ ಮಾಡಿದ. ಮೂರನೇ ಗೇರ್, 2,500 ಆರ್‌ಪಿಎಂ, 211. ಆ ಫೈಲ್ ಈಗಲೂ ಫೋನ್‌ನಲ್ಲಿದೆ.